ಎಂಬ್ಲೆಮ್ ಪುಸ್ತಕ ಕೊಳ್ಳುವ ಮುಂಚೆ ಎಲೆ ಎಣಿಸಿ

ಕೇಳಿದ್ದು: ಹದಿನಾರು, ಹದಿನೇಳನೇ ಶತಮಾನದ ಯುರೋಪಿನ ಎಂಬ್ಲೆಮ್ ಪುಸ್ತಕಗಳನ್ನು (ಮೇಲೆ ಸೂಕ್ತಿ, ನಡುವೆ ಚಿತ್ರ, ಕೆಳಗೆ ಪದ್ಯ) ಸಂಗ್ರಹಿಸುವ ಆಸೆ. ಮೊದಲ ಎಂಬ್ಲೆಮ್ ಪುಸ್ತಕ ಬರೆದ ಇಟಲಿಯ ಅಲ್ಚಾಟೋನಿಂದಲೇ ಶುರು ಮಾಡಲೇ? ಮೋಸ ಹೋಗದಿರಲು ಏನೇನು ನೋಡಬೇಕು? ಬೆಂಗಳೂರಿನ ಮನೆಯಲ್ಲಿ ಇಡುವುದು ಹೇಗೆ?

ಉತ್ತರ: ಅಲ್ಚಾಟೋ ಒಳ್ಳೆಯ ಆರಂಭ. ಆದರೆ 1531ರ ಆಗ್ಸ್‌ಬರ್ಗ್ ಮೊದಲ ಮುದ್ರಣದ ಬೆನ್ನು ಹತ್ತಬೇಡಿ. ಪುಟಕ್ಕೊಂದು ಎಂಬ್ಲೆಮ್ ಎಂಬ ಚೆಂದದ ಜೋಡಣೆ ಬಂದದ್ದು 1534ರ ಪ್ಯಾರಿಸ್ ಮುದ್ರಣದಲ್ಲಿ, ಅದೂ ದುಬಾರಿಯೇ. ಆಂಟ್‌ವರ್ಪ್‌ನ ಪ್ಲಾಂಟಿನ್ ಮುದ್ರಣಾಲಯದ ಚಿಕ್ಕ ಆವೃತ್ತಿಗಳನ್ನು ನೋಡಿ. ವ್ಯಾಖ್ಯಾನ ಬೇಕಿದ್ದರೆ 1621ರ ಪಾಡುವಾ ಮುದ್ರಣ ದಪ್ಪ, ಸಮೃದ್ಧ. ಎಲೆ (ಎರಡು ಪುಟದ ಒಂದು ಹಾಳೆ) ಕಳೆದುಕೊಂಡ ಹಳೆಯ ಮುದ್ರಣಕ್ಕಿಂತ ಇಡಿಯಾಗಿ ಉಳಿದ ತಡವಾದ ಮುದ್ರಣವೇ ಮೇಲು.

ಉತ್ತರ: ಇಡಿಯಾಗಿದೆಯೇ ಎಂದು ತಿಳಿಯಲು ಪುಟಸಂಖ್ಯೆಯನ್ನು ನಂಬಬೇಡಿ, ಆ ಕಾಲದಲ್ಲಿ ಅದು ಆಗಾಗ ತಪ್ಪುತ್ತಿತ್ತು. ಪುಟದಡಿಯ ಗುರುತಕ್ಷರ ನೋಡಿ. ಆಕ್ಟೇವೋ ಗಾತ್ರದಲ್ಲಿ (ದೊಡ್ಡ ಕಾಗದವನ್ನು ಮೂರು ಸಲ ಮಡಿಸಿದ್ದು) ಒಂದು ಮಡಿಕೆಗೆ (ನಮ್ಮ ಪ್ರೆಸ್ಸಿನವರು ಫಾರಂ ಅನ್ನುವಂಥದ್ದು) 8 ಎಲೆ. ಎ, ಎ2, ಎ3 ಎಂದು ಮೊದಲ ನಾಲ್ಕೈದು ಎಲೆಗಳಿಗಷ್ಟೇ ಗುರುತು ಇರುತ್ತದೆ, ಉಳಿದವು ಖಾಲಿ. ಲ್ಯಾಟಿನ್ ಕ್ರಮದಲ್ಲಿ ಅಕ್ಷರಗಳು 23. ಜೆ ಮತ್ತು ಡಬ್ಲ್ಯೂ ಇಲ್ಲ, ಯು-ವಿ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ ಆ ಅಕ್ಷರಗಳು ಕಾಣದಿದ್ದರೆ ಎಲೆ ಕಾಣೆಯಾಗಿದೆ ಎಂದು ಗಾಬರಿಯಾಗಬೇಡಿ. ಎ-ಯಿಂದ ಝಡ್‌ವರೆಗೆ 184 ಎಲೆ ಸಿಗಬೇಕು. ಹೊಲಿಗೆಯ ದಾರ 4 ಮತ್ತು 5ನೇ ಎಲೆಗಳ ನಡುವೆ ಕಾಣಬೇಕು.

ಆಮೇಲೆ ಪ್ರತಿ ಎಲೆಯನ್ನೂ ಬೆಳಕಿಗೆ ಹಿಡಿಯಿರಿ. ಕೈಕಾಗದದಲ್ಲಿ ಸುಮಾರು ಎರಡೂವರೆ ಸೆಂಟಿಮೀಟರಿಗೊಂದರಂತೆ ಗೆರೆ ಕಾಣುತ್ತದೆ: ಆಕ್ಟೇವೋದಲ್ಲಿ ಮೇಲಿಂದ ಕೆಳಕ್ಕೆ, ಕ್ವಾರ್ಟೋದಲ್ಲಿ (ಎರಡು ಸಲ ಮಡಿಸಿದ್ದು) ಅಡ್ಡಕ್ಕೆ. ಒಂದೇ ಎಲೆಯಲ್ಲಿ ಗೆರೆಯಿಲ್ಲದಿದ್ದರೆ ಅದು ಬಹುತೇಕ ನಂತರ ಸೇರಿಸಿದ ನಕಲು. ಬೆರಳಾಡಿಸಿ: ಅಚ್ಚುಮೊಳೆಯ ಒತ್ತು ಹಿಂಬದಿಯಲ್ಲಿ ತಗಲಬೇಕು, ಫೋಟೋ ನಕಲಿನಲ್ಲಿ ಅದಿರುವುದಿಲ್ಲ. ಹೋಲಿಸಲು ಗ್ಲ್ಯಾಸ್ಗೋ ವಿಶ್ವವಿದ್ಯಾಲಯ ಅಲ್ಚಾಟೋನ 22 ಆವೃತ್ತಿಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಮಾತುಕತೆ ಮಾಡಿ.

ಉತ್ತರ: ಮರದಚ್ಚಿನ ಚಿತ್ರದಲ್ಲಿ ಕಪ್ಪುಗೆರೆಯ ನಡುವೆ ದುಂಡನೆಯ ಬಿಳಿಚುಕ್ಕೆ ಕಂಡರೆ ಹುಳ ತಿಂದದ್ದು ಅಚ್ಚನ್ನು, ನಿಮ್ಮ ಪ್ರತಿಯನ್ನಲ್ಲ. ತಾಮ್ರಫಲಕದ ಚಿತ್ರದ ಸುತ್ತ ಫಲಕದ ಅಂಚಿನ ಒತ್ತು ಇರಬೇಕು. ಹರ್ಮನ್ ಹ್ಯೂಗೋನ 'ಪಿಯಾ ಡೆಸಿಡೇರಿಯಾ' (ಆಂಟ್‌ವರ್ಪ್, 1624) ಪದೇ ಪದೇ ಅಚ್ಚಾಯಿತು. ಫಲಕ ಸವೆದಾಗ ನೆರಳಿನ ಸಣ್ಣ ಗೆರೆಗಳು ಮೊದಲು ಮಾಯವಾಗಿ ಚಿತ್ರ ಬೂದುಬೂದಾಗುತ್ತದೆ. ಮೂಲ ಚಿತ್ರಕ್ಕೆ ಹೋಲಿಸಿದಾಗ ಎಡಬಲ ಅದಲುಬದಲಾಗಿದ್ದರೆ ಅದು ಬೇರೆಯವರು ಅಚ್ಚಾದ ಚಿತ್ರ ನೋಡಿ ನೇರವಾಗಿ ಕೆತ್ತಿದ ಹೊಸ ಫಲಕ. ಇಂಗ್ಲಿಷ್ ಕವಿ ಜಾರ್ಜ್ ವಿದರ್‌ನ 1635ರ ಎಂಬ್ಲೆಮ್ ಪುಸ್ತಕವಾದರೆ ಕೊನೆಯ ಲಾಟರಿ ಚಕ್ರದ (ಮುಳ್ಳು ತಿರುಗಿಸಿ ತನ್ನ ಪಾಲಿನ ಎಂಬ್ಲೆಮ್ ಆರಿಸುವ ಆಟ) ಎಲೆ, ಅದರ ತಿರುಗುಮುಳ್ಳು ಇವೆಯೇ ಎಂದು ಮೊದಲೇ ಕೇಳಿ. ಮುಳ್ಳು ಉಳಿದಿರುವುದು ಅಪರೂಪ.

ಉತ್ತರ: ಇಡುವ ಬಗ್ಗೆ. ತೇವಾಂಶ ಶೇ. 45ರಿಂದ 55ರೊಳಗೆ ಇರಲಿ, ಮುಖ್ಯವಾಗಿ ಏರಿಳಿತ ಬೇಡ. ಕರುವಿನ ಚರ್ಮದ ಬಿಳಿ ವೆಲ್ಲಂ ರಟ್ಟು ಒಣಗಿದರೆ ಬಾಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಹೊರಗೋಡೆಗೆ ಅಂಟಿದ ಬೀರು ಬೇಡ. ಚರ್ಮಕ್ಕೆ ಎಣ್ಣೆ ಸವರಬೇಡಿ, ಕಲೆ ಹಾಳೆಗೆ ಇಳಿಯುತ್ತದೆ. ಪುಸ್ತಕವನ್ನು 180 ಡಿಗ್ರಿ ಬಿಚ್ಚದೆ, ಎರಡೂ ಬದಿ ದಿಂಬು ಕೊಟ್ಟು 90 ಡಿಗ್ರಿಯಲ್ಲೇ ಓದಿ. ಹರಿದ ಕಡೆ ಸೆಲ್ಲೋಟೇಪ್ ಖಂಡಿತ ಬೇಡ. ಜಪಾನೀ ತೆಳುಕಾಗದ ಮತ್ತು ಗೋಧಿಪಿಷ್ಟದ ಅಂಟು ಸಾಕು, ಅದನ್ನು ಮುಂದೆ ನೀರಿನಿಂದ ಬಿಡಿಸಬಹುದು.