ಅಪ್‌ಡೇಟ್: ಭಾರ ಎತ್ತುವಾಗ ಅಳು ಬರುತ್ತದೆ ಎಂದು ಕೇಳಿದ್ದೆ

ಎರಡು ತಿಂಗಳ ಹಿಂದೆ ಕೇಳಿದ್ದು ಇಷ್ಟು: ಶಿವಮೊಗ್ಗದ ವಿನೋಬನಗರದ ಜಿಮ್‌ನಲ್ಲಿ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕುಳಿತೇಳುವುದು) ಮಾಡುವಾಗ, ಪ್ರತಿ ಸೆಟ್ಟಿನ, ಅಂದರೆ ಬಿಡದೆ ಮಾಡುವ ಒಂದು ಸುತ್ತಿನ, ಕೊನೆಗೆ ಸಿಟ್ಟು, ಅಳು ಒಟ್ಟಿಗೇ ಒತ್ತರಿಸಿ ಬರುತ್ತವೆ, ಇದು ನನಗೊಬ್ಬಳಿಗೇ ಆಗುವುದೇ? ಉತ್ತರಿಸಿದ ಎಲ್ಲರಿಗೂ ಋಣಿ.

ನಿಮ್ಮಲ್ಲೊಬ್ಬರು 1989ರಲ್ಲಿ ಸಂಶೋಧಕರಾದ ಹಾರ್ಡಿ ಮತ್ತು ರೆಜೆಸ್ಕಿ ಪ್ರಕಟಿಸಿದ ಭಾವಮಾಪಕವನ್ನು ಸೂಚಿಸಿದ್ದಿರಿ. ಬಹಳ ಹಿತವೆನಿಸಿದರೆ +5, ಬಹಳ ಅಹಿತವೆನಿಸಿದರೆ −5. ಪ್ರತಿ ಸೆಟ್ ಮುಗಿದ ಕೂಡಲೇ ಅಂಕಿ ಬರೆದಿಟ್ಟೆ. ಮೊದಲನೆಯದಕ್ಕೆ +2, ಮೂರನೆಯದಕ್ಕೆ −3. ಆದರೆ ಮನೆಗೆ ನಡೆದು ಬರುವಷ್ಟರಲ್ಲಿ +4! ಬರೆಯದೇ ಹೋಗಿದ್ದರೆ ಆ −3 ಒಂದೇ ನನ್ನ ನೆನಪಿನಲ್ಲಿ ಉಳಿಯುತ್ತಿತ್ತು.

ತಪ್ಪು ಎಲ್ಲಿತ್ತೆಂದೂ ತಿಳಿಯಿತು. ಪ್ರತಿ ಸೆಟ್ಟನ್ನೂ ಇನ್ನು ಕೈಲಾಗದು ಎನ್ನುವವರೆಗೆ ಎಳೆಯುತ್ತಿದ್ದೆ. ಈಗ ಇನ್ನೆರಡು ಸಲ ಎತ್ತಬಲ್ಲೆ ಎನಿಸುವಾಗಲೇ ನಿಲ್ಲಿಸುತ್ತೇನೆ. ಸಿಟ್ಟು ಬಹುಮಟ್ಟಿಗೆ ಹೋಗಿದೆ. ಶಕ್ತಿಯೇನೂ ಕುಂದಿಲ್ಲ, ಸ್ಕ್ವಾಟ್‌ನ ಭಾರ 30 ಕೆ.ಜಿ. ಇದ್ದದ್ದು 40 ಆಗಿದೆ.

ಅಳು ಪೂರ್ತಿ ಹೋಗಿಲ್ಲ. ಕಳೆದ ವಾರ, ಹೊರಗೆ ಜಡಿಮಳೆ. ಡೆಡ್‌ಲಿಫ್ಟ್‌ನಲ್ಲಿ (ನೆಲದ ಮೇಲಿನ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವುದು) 60 ಕೆ.ಜಿ. ಮೊದಲ ಬಾರಿಗೆ ನೆಲ ಬಿಟ್ಟು ಎದ್ದಾಗ ಕಣ್ಣು ತುಂಬಿತು. ಈ ಸಲ ಅದನ್ನು ತಡೆಯಲಿಲ್ಲ, ನಾಚಿಕೆಯನ್ನೂ ಪಡಲಿಲ್ಲ.

ತೀರ್ಥಹಳ್ಳಿಯ ದೊಡ್ಡಮ್ಮನಿಗೆ ಫೋನಿನಲ್ಲಿ ಹೇಳಿದೆ. ಜೀವನವಿಡೀ ತೋಟದಲ್ಲಿ ದುಡಿದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡಿಕೆಯ ಕಟ್ಟಕಡೆಯ ಹೊರೆ ತಂದು ಅಂಗಳದಲ್ಲಿ ಇಳಿಸಿದಾಗ ನನಗೂ ಹಾಗೇ ಆಗುತ್ತಿತ್ತು ಕಣೇ. ಯಾರ ಹತ್ತಿರವೂ ಹೇಳಿರಲಿಲ್ಲ" ಎಂದರು.