ಅಪ್‌ಡೇಟ್: ಹೆಣ್ಣು ಕುದುರೆಯೋ ಗೆಲ್ಡಿಂಗೋ – ಹೆಣ್ಣನ್ನೇ ತಗೊಂಡಾಯ್ತು

ಸವಾರಿಗೆ ರೇಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್ (ರೇಸ್ ಕುದುರೆ ತಳಿ) ಹೆಣ್ಣು ತಗೊಳ್ಳೋದಾ, ಬೀಜ ತೆಗೆಸಿದ ಗಂಡು, ಅಂದ್ರೆ ಗೆಲ್ಡಿಂಗ್ ತಗೊಳ್ಳೋದಾ ಅಂತ ಕೇಳಿದ್ದೆ. ಹೆಣ್ಣು ಕಚ್ಚೋಕೆ ಬರುತ್ತೆ ಅನ್ನೋದೇ ಅನುಮಾನ ಇತ್ತು.

ಕೆಲಸಕ್ಕೆ ಬಂದಿದ್ದು "ಮೂರು ವಾರ ಟ್ರಯಲ್ ಕೇಳಿ, ದಿನಾ ಬರೆದಿಡಿ" ಅನ್ನೋ ಸಲಹೆ. ಬೆದೆಯ ಚಕ್ರ ಸುಮಾರು 21 ದಿನ, ಅದರಲ್ಲಿ ಬೆದೆ 5–7 ದಿನ. ಅಷ್ಟರಲ್ಲಿ ಎಲ್ಲಾ ಮುಖ ಕಾಣುತ್ತೆ. ಬೆದೆಯಲ್ಲಿ ಬಾಲ ಎತ್ತಿ ಪದೇ ಪದೇ ಉಚ್ಚೆ, ಸವಾರನ ಹಿಮ್ಮಡಿ ತಾಗಿದ್ರೆ ಸಿಡುಕು, ಅಷ್ಟೇ. ಆದ್ರೆ ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚೋಕೆ ಬರೋದು ಬೆದೆ ಇಲ್ಲದ ದಿನವೂ ಇತ್ತು! ವೆಟ್ ಎಂಡೋಸ್ಕೋಪಿ ಮಾಡಿದ್ರೆ ಹೊಟ್ಟೆಹುಣ್ಣು. ರೇಸ್ ಕುದುರೆಗಳಲ್ಲಿ ಇದು ತುಂಬಾ ಸಾಮಾನ್ಯ. ವೆಟ್ ಹೇಳಿದ ಪ್ರಮಾಣದಲ್ಲಿ ಒಮೆಪ್ರಜೋಲ್ (ಹೊಟ್ಟೆಯ ಆಮ್ಲ ಕಮ್ಮಿ ಮಾಡೋ ಔಷಧಿ) ಪೇಸ್ಟ್ ನಡೀತಿದೆ. ಸವಾರಿಗೆ ಮುಂಚೆ ಸ್ವಲ್ಪ ಹುಲ್ಲು, ದಾಣಿ ಕಡಿಮೆ. ಈಗಲೇ ಪಟ್ಟಿಗೆ ಸುಮ್ಮನೆ ನಿಲ್ಲುತ್ತೆ.

"ಶಾಂತ ಮಾಡೋ" ಗಿಡಮೂಲಿಕೆ ಪುಡಿ ದಂಡ.

ಗೆಲ್ಡಿಂಗ್‌ಗೆ ಆರೈಕೆ ಕಮ್ಮಿ ಅನ್ನೋದೂ ಪೂರ್ತಿ ನಿಜ ಅಲ್ಲ: ಶಿಶ್ನದ ಚೀಲದಲ್ಲಿ ಕೊಳೆ ಉಂಡೆಗಟ್ಟಿ ಉಚ್ಚೆಗೆ ಅಡ್ಡಿಯಾಗಬಹುದು, ಆಗಾಗ ನೋಡಿಸಬೇಕು. ಹೊಸದಾಗಿ ಬೀಜ ತೆಗೆಸಿದ್ದಾದ್ರೆ ಕೆಲವು ವಾರ ಹೆಣ್ಣುಗಳ ಜೊತೆ ಬಿಡಬೇಡಿ.