ಬೀಟಲಿನ ಎಲಿಟ್ರಾಗೆ ಕನ್ನಡದಲ್ಲಿ ಏನು? ನಾಳೆ ಬೋರ್ಡ್ ಪ್ರಿಂಟಿಗೆ ಹೋಗುತ್ತೆ

ಮಡಿಕೇರಿಯಿಂದ:
ಕಾಫಿ ತೋಟವೊಂದರ ಕಾಲುದಾರಿಗೆ ಫಲಕ ಬರೆಯುತ್ತಿದ್ದೇನೆ. ಹುಳ ಟ್ಯಾಕಿಸ್ ಜಾತಿಯ (ಜೀನಸ್) ಬೀಟಲ್. ಉದ್ದ 2ರಿಂದ 3 ಮಿ.ಮೀ., ಸಾಸಿವೆ ಕಾಳನ್ನು ಸ್ವಲ್ಪ ಎಳೆದ ಹಾಗೆ. ಒದ್ದೆ ತರಗೆಲೆ ಎತ್ತಿದರೆ ಸರ್ರನೆ ಓಡಿ ಮಾಯ. ಲೆನ್ಸ್ ಹಿಡಿದರೆ ಬೆನ್ನ ಮೇಲೆ ಗಟ್ಟಿಯಾದ ಎರಡು ಮುಚ್ಚಳ ಕಾಣುತ್ತವೆ, ನಡುವೆ ನೇರ ಸೀಳು. ಸೀಳಿನ ಪಕ್ಕದ ಗೆರೆ ತುದಿಗೆ ಹೋಗಿ ಗಾಳದ ಹಾಗೆ ಹಿಂದಕ್ಕೆ ಬಾಗುತ್ತದೆ. ಈ ಗಾಳ ಸಿಕ್ಕಿದರೆ ಅರ್ಧ ಗುರುತು ಸಿಕ್ಕ ಹಾಗೆ. ಇನ್ನರ್ಧ ಬಾಯಿಯ ಪಕ್ಕದ ಗಿಡ್ಡ ಮೀಸೆಯಲ್ಲಿದೆ, ಅದರ ಕೊನೆಯ ಗೆಣ್ಣು ಬರೀ ಸೂಜಿಮೊನೆ.

ಆ ಮುಚ್ಚಳಕ್ಕೆ, ಅಂದರೆ ಎಲಿಟ್ರಾಗೆ, 'ರೆಕ್ಕೆಚಿಪ್ಪು' ಅಂತ ಹಾಕಿದ್ದೇನೆ. ಅದರ ಮೇಲಿನ ಉದ್ದುದ್ದ ಗೆರೆಗಳಿಗೆ, ಅಂದರೆ ಸ್ಟ್ರೈಗೆ, 'ಗೆರೆ' ಸಾಕಾ? ನೆಲದ ಬೀಟಲ್‌ಗಳದ್ದು ಕ್ಯಾರಾಬಿಡೇ ಕುಟುಂಬ ಅನ್ನುವುದಕ್ಕೆ ತಕರಾರಿಲ್ಲ. ಕುಟುಂಬಕ್ಕೂ ಜಾತಿಗೂ ನಡುವೆ ಬೆಂಬಿಡಿನಿ ಅಂತ 'ಟ್ರೈಬ್' ಬರುತ್ತದಲ್ಲ, ಅದೇ ಕಷ್ಟ. ಹಳೇ ಕರಡಿನಲ್ಲಿ 'ಬುಡಕಟ್ಟು' ಅಂತಿತ್ತು. ಯರವರು, ಜೇನುಕುರುಬರು ಓದುವ ಫಲಕದಲ್ಲಿ ಹುಳಕ್ಕೆ ಆ ಪದ ಬೇಡ ಅಂತ ಹೊಡೆದುಹಾಕಿದೆ.

ಮೈಸೂರಿನಿಂದ:
'ಚಿಪ್ಪು' ಬಸವನಹುಳುವಿಗೆ. ಗ್ರೀಕಿನಲ್ಲಿ ಕೋಲಿಯೋಸ್ ಅಂದರೆ ಕತ್ತಿಯ ಒರೆ, ಪ್ಟೆರಾನ್ ಅಂದರೆ ರೆಕ್ಕೆ. ಅರಿಸ್ಟಾಟಲನೇ ಬಳಸಿದ ಮಾತು, ಬೀಟಲ್‌ಗಳ ಗಣದ ಹೆಸರು ಕೋಲಿಯಾಪ್ಟೆರ ಆಗಿದ್ದು ಹಾಗೆ. ಆದ್ದರಿಂದ 'ಒರೆರೆಕ್ಕೆ'. ಅಚ್ಚಗನ್ನಡ. ಸ್ಟ್ರೈಗೆ 'ಗೆರೆ' ತಪ್ಪು, ಅದು ತಗ್ಗಾಗಿರುತ್ತದೆ. 'ಸಾಲು' ಅನ್ನಿ, ನೇಗಿಲ ಸಾಲು. ಇಷ್ಟಕ್ಕೆಲ್ಲ ಚರ್ಚೆ ಬೇಕೇ?

ವಿರಾಜಪೇಟೆಯಿಂದ:
ಒರೆ ಅಂದರೆ ನಮಗೆ ಕೊಡವರಿಗೆ ಪೀಚೆಕತ್ತಿ. ಚೇಲೆಗೆ, ಅಂದರೆ ಸೊಂಟದ ಪಟ್ಟಿಗೆ, ಸಿಕ್ಕಿಸಿದ ಒರೆಯಿಂದ ಕತ್ತಿ ಹೊರಗೆ ಬರುತ್ತದೆ. ಆರು ಬಿಳಿ ಚುಕ್ಕೆಯ ಆಂತಿಯಾ ನೋಡಿದ್ದೀರಾ, ಮಾರಾಯ್ರೆ? ಅದೂ ಇದೇ ಕುಟುಂಬ. ಅದರ ಎರಡೂ ಮುಚ್ಚಳ ಒಂದಕ್ಕೊಂದು ಅಂಟಿಕೊಂಡಿವೆ, ಒಳಗೆ ಹಾರುವ ರೆಕ್ಕೆಯೇ ಇಲ್ಲ. ಕತ್ತಿ ಇಲ್ಲದ ಒರೆ! ಗ್ರೀಕ್ ಒರೆಯನ್ನು ಹೊತ್ತು ತಂದು ಅಚ್ಚಗನ್ನಡ ಅನ್ನುವುದೂ ಸಾಲವೇ ಅಲ್ವಾ?

ಟ್ರೈಬ್‌ಗೆ 'ಒಕ್ಕ' ಅನ್ನಿ. ಕೊಡವರಲ್ಲಿ ಒಂದೇ ಮೂಲದವರ ಗುಂಪು. ಕನ್ನಡದ 'ಒಕ್ಕಲು' ಅದರ ನಂಟ.

ಮೈಸೂರಿನಿಂದ:
ಕೊಡವ ತಕ್ಕ್, ಅಂದರೆ ಕೊಡವರ ನುಡಿ, ಬೇರೆ, ಕನ್ನಡ ಬೇರೆ. ಕುಲಕ್ಕೆ ಕನ್ನಡದಲ್ಲೇ 'ಬಳಿ' ಇರುವಾಗ 'ಒಕ್ಕ' ಏಕೆ?

ವಿರಾಜಪೇಟೆಯಿಂದ:
ಗ್ರೀಕಿನಿಂದ ತಂದರೆ ಪರವಾಗಿಲ್ಲ, ಕೊಡವ ತಕ್ಕ್‌ನಿಂದ ತಂದರೆ ಮೈಲಿಗೆಯೇ?

ಗೋಣಿಕೊಪ್ಪದಿಂದ:
ಇಬ್ಬರೂ ಸುಮ್ನೆ ಇರಿ. ತಲೆಬರಹಕ್ಕೆ ಏನು ಹಾಕಿದ್ದೀರಿ? 'ನೆಲಜೀರುಂಡೆ' ಅಂತಾದರೆ ಮಕ್ಕಳು ಜೀರ್ ಅನ್ನುವುದನ್ನು ಹುಡುಕುತ್ತಾರೆ. ಈ ಹುಳ ಸದ್ದು ಮಾಡುವುದಿಲ್ಲ. ತೋಟದವರಿಗೆ ಬೀಟಲ್ ಅಂದರೆ ಕಾಂಡಕೊರಕ, ಕಂಡರೆ ಹೊಸಕಿಬಿಡುತ್ತಾರೆ. ಇದು ಗಿಡ ಕೊರೆಯುವುದಲ್ಲ ಅಂತ ಮೊದಲ ಸಾಲಲ್ಲೇ ಬರೆಯಿರಿ. ಒರೆಯೋ ಚಿಪ್ಪೋ ಆಮೇಲೆ.

ಮಡಿಕೇರಿಯಿಂದ:
ತಲೆಬರಹ 'ನೆಲಜೀರುಂಡೆ' ಅಂತಲೇ ಇತ್ತು. ಈಗ 'ನೆಲದ ಬೀಟಲ್' ಮಾಡಿದೆ, 'ಗಿಡ ಕೊರೆಯುವುದಿಲ್ಲ' ಅಂತ ಕೆಳಗೇ ಹಾಕಿದೆ. 'ರೆಕ್ಕೆಚಿಪ್ಪು' ಬಿಟ್ಟು 'ರೆಕ್ಕೆಮುಚ್ಚಳ' ಹಾಕುತ್ತೇನೆ, ಸ್ಟ್ರೈಗೆ 'ಸಾಲು'. ಟ್ರೈಬ್ ಸಾಲನ್ನೇ ತೆಗೆದೆ, ಜಾಗ ಸಾಲಲಿಲ್ಲ. ಇನ್ನೊಂದು ಕೇಳುವುದಿತ್ತು: ತಲೆಗೂ ರೆಕ್ಕೆಮುಚ್ಚಳಕ್ಕೂ ನಡುವಿನ ಆ ಹಲಗೆ, ಪ್ರೊನೋಟಮ್, ಅದಕ್ಕೆ 'ಕತ್ತುಪಟ್ಟಿ' ಅಂದರೆ ಬೈತೀರಾ? ಬೆಳಿಗ್ಗೆ ಒಂಬತ್ತರ ಒಳಗೆ ಹೇಳಿ.

ಮೈಸೂರಿನಿಂದ:
ಪಟ್ಟಿ ಸಂಸ್ಕೃತ.